ಒಂಬತ್ತನೇ ನಂಬರಿನ ಅಂಗಿ ಯಾರದು: ತೋರಣಗಲ್ಲಿನಿಂದ ರಾಯಚೂರಿನವರೆಗೆ ಮೂರು ದಿನ

ಮೊದಲ ದಿನ: ತೋರಣಗಲ್ಲು, ಬಳ್ಳಾರಿ

ನಾನೂ ನನ್ನ ಅಕ್ಕನ ಮಗನೂ ಮೋಟಾರ್ ಸೈಕಲ್ಲಿನಲ್ಲಿ ಕೊಪ್ಪಳ ಬಿಟ್ಟದ್ದು 2025ರ ನವೆಂಬರ್ 17, ಸೋಮವಾರ ಬೆಳಿಗ್ಗೆ. ಮರುದಿನ ಸಂಜೆ ಢಾಕಾದಲ್ಲಿ ಭಾರತಕ್ಕೂ ಬಾಂಗ್ಲಾದೇಶಕ್ಕೂ ಏಷ್ಯನ್ ಕಪ್ ಫುಟ್ಬಾಲಿನ ಅರ್ಹತಾ ಪಂದ್ಯವಿತ್ತು. ಅದನ್ನು ಸಿಂಧನೂರು ತಾಲ್ಲೂಕಿನ ಬಂಗಾಳಿ ಕ್ಯಾಂಪಿನಲ್ಲಿ ಕುಳಿತು ನೋಡಬೇಕೆಂದು ಅಳಿಯ ತಿಂಗಳ ಹಿಂದೆಯೇ ಹಟ ಹಿಡಿದಿದ್ದ. ಅವನ ಕಾಲೇಜು ತಂಡದ ಗೆಳೆಯನೊಬ್ಬನ ಮನೆ ಆ ಕ್ಯಾಂಪಿನಲ್ಲಿದೆ. ಗೋವಾದಲ್ಲಿ ಅಕ್ಟೋಬರ್ 14ರಂದು ಸಿಂಗಪುರದ ಎದುರು 1–2ರಿಂದ ಸೋತಾಗಲೇ ಭಾರತದ ಏಷ್ಯನ್ ಕಪ್ ಆಸೆ ಮುಗಿದಿತ್ತು. ಲೆಕ್ಕಕ್ಕೆ ಬಾರದ ಪಂದ್ಯಕ್ಕಾಗಿ ಇಷ್ಟು ದೂರ ಹೋಗಬೇಕೆ ಎಂದು ಅಕ್ಕ ಕೇಳಿದಳು. ಸೋತ ತಂಡವನ್ನು ಯಾರು, ಹೇಗೆ ಮತ್ತೆ ಕಟ್ಟುತ್ತಾರೆಂಬುದು ಇಂಥ ಪಂದ್ಯಗಳಲ್ಲಿಯೇ ಗೊತ್ತಾಗುತ್ತದೆ ಎಂದು ಹೇಳಿ ಹೊರಟೆವು.

ಹೊಸಪೇಟೆ ದಾಟುವವರೆಗೆ ಚಳಿಗಾಳಿ ಹಿತವಾಗಿತ್ತು. ಅಲ್ಲಿಂದ ಮುಂದೆ ಅದಿರಿನ ಲಾರಿಗಳ ಸಾಲು. ತೋರಣಗಲ್ಲು ಹತ್ತಿರವಾದಂತೆ ರಸ್ತೆಯಂಚಿನ ಬೇವಿನ ಎಲೆಗಳೂ ಕೆಂಪಾಗಿರುತ್ತವೆ. ಈ ದಾರಿಯಲ್ಲಿ ದ್ವಿಚಕ್ರ ವಾಹನದಲ್ಲಿ ಹೋಗುವವರು ಬಿಳಿ ಬಟ್ಟೆ ತೊಡಬಾರದು, ಹೆಲ್ಮೆಟ್ಟಿನ ಗಾಜನ್ನು ಎತ್ತಬಾರದು. ಎತ್ತಿದ ತಪ್ಪಿಗೆ ಅಳಿಯ ಬಹಳ ಹೊತ್ತು ಕಣ್ಣುಜ್ಜಿಕೊಂಡ.

ತೋರಣಗಲ್ಲಿನಲ್ಲಿ ಇಳಿಯಲು ಕಾರಣವಿತ್ತು. ಉಕ್ಕಿನ ಕಾರ್ಖಾನೆಯ ವಿಜಯನಗರ ಟೌನ್‌ಶಿಪ್‌ನಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. ಬೆಂಗಳೂರು ಎಫ್‌ಸಿಯ ಎಳೆಯ ಆಟಗಾರರು ಇಲ್ಲಿ ವಸತಿಯಿದ್ದು ಕಲಿತವರು. 2022ರ ಏಪ್ರಿಲ್ ಕೊನೆಯಲ್ಲಿ ಭಾರತ ತಂಡದ ಶಿಬಿರವೇ ಇಲ್ಲಿ ನಡೆಯಿತು. ಬಳ್ಳಾರಿಯ ಬೇಸಿಗೆಯಲ್ಲಿ ಬೆವರು ಹರಿಸಿದ ಆ ತಂಡ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕಾಂಬೋಡಿಯಾವನ್ನು 2–0, ಅಫ್ಗಾನಿಸ್ತಾನವನ್ನು 2–1, ಹಾಂಗ್‌ಕಾಂಗನ್ನು 4–0ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಹೋಯಿತು. ಅದೇ ಹಾಂಗ್‌ಕಾಂಗ್ ಎದುರು ಮೂರು ವರ್ಷದ ಬಳಿಕ, 2025ರ ಜೂನ್ 10ರಂದು, ನಾವು 0–1ರಿಂದ ಸೋತೆವು. ಮುಂಚಿತವಾಗಿ ಅನುಮತಿ ಪಡೆಯದೆ ಬಂದದ್ದರಿಂದ ಮೈದಾನವನ್ನು ನೋಡಲಾಗಲಿಲ್ಲ. ಹೋಗುವವರು ಪತ್ರ ಬರೆದು ಒಪ್ಪಿಗೆ ಪಡೆದೇ ಹೋಗಬೇಕು.

ನಿರಾಸೆಯಿಂದ ಹೆದ್ದಾರಿಯ ಬದಿಯ ಚಹಾದ ಅಂಗಡಿಗೆ ಬಂದರೆ, ಅಲ್ಲಿ ನಾವು ಹುಡುಕಿ ಬಂದ ಮಾತೇ ನಡೆದಿತ್ತು. ಕಾರ್ಖಾನೆಯ ಊರಾದ್ದರಿಂದ ದೇಶದ ಎಲ್ಲ ಮೂಲೆಯವರೂ ಇದ್ದಾರೆ. ಕೇರಳದ ಮಲಪ್ಪುರಂ ಕಡೆಯ ಒಬ್ಬ ಫಿಟ್ಟರ್, ಮಣಿಪುರದ ಒಬ್ಬ ಕಾವಲುಗಾರ, ಸಂಡೂರಿನ ಒಬ್ಬ ಲಾರಿ ಚಾಲಕ. ಫಿಟ್ಟರನಿಗೆ ತನ್ನ ಜಿಲ್ಲೆಯ ಆಶಿಕ್ ಕುರುಣಿಯನ್‌ನ ಬಗ್ಗೆ ಜನ ಆಡುವ ಮಾತು ಸಹಿಸಲಾಗುತ್ತಿರಲಿಲ್ಲ. ಹಾಂಗ್‌ಕಾಂಗ್ ಪಂದ್ಯದಲ್ಲಿ ಬರಿದಾದ ಗೋಲಿನ ಮುಂದೆ ಚೆಂಡು ಹೊರಗೆ ಹೋಯಿತು, ನಿಜ. ಆದರೆ ಆಶಿಕ್ ಗೋಲು ಹೊಡೆಯುವ ಜಾಗದಲ್ಲಿ ಬೆಳೆದವನಲ್ಲ, ಅಂಚಿನಲ್ಲಿ ಓಡಲು ಬೆಳೆಸಿದವನು, ಅವನನ್ನು ಅಲ್ಲಿ ನಿಲ್ಲಿಸಿದವರನ್ನು ಕೇಳಿ ಎಂಬುದು ಅವನ ವಾದ. ಮಣಿಪುರದವನು ಮೆಲ್ಲಗೆ, ಮುರಿದ ಕನ್ನಡದಲ್ಲಿ, ಒಂದೇ ಮಾತು ಕೇಳಿದ: “ಕ್ಲಬ್‌ನಲ್ಲಿ ಆ ಜಾಗದಲ್ಲಿ ಯಾರು ಆಡ್ತಾರೆ?”

ಆ ಪ್ರಶ್ನೆ ಮೂರು ದಿನವೂ ನಮ್ಮ ಬೆನ್ನ ಹಿಂದೆ ಕುಳಿತು ಬಂದಿತು. ದೇಶದ ದೊಡ್ಡ ಕ್ಲಬ್‌ಗಳು ಆಡುವ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಒಂದು ತಂಡ ಮೈದಾನದಲ್ಲಿ ನಾಲ್ವರು ವಿದೇಶಿಯರನ್ನು ಆಡಿಸಬಹುದು, ಮತ್ತು ಗೋಲು ಹೊಡೆಯುವ ನಡುವಿನ ಜಾಗ, ಒಂಬತ್ತನೇ ನಂಬರಿನ ಅಂಗಿಯ ಜಾಗ, ಬಹುಪಾಲು ತಂಡಗಳಲ್ಲಿ ಅವರಲ್ಲೊಬ್ಬರದು. ಭಾರತದ ಹುಡುಗ ಸ್ಟ್ರೈಕರ್ ಆಗಿ ಕ್ಲಬ್ಬಿಗೆ ಸೇರಿದರೂ ಎರಡೇ ವರ್ಷದಲ್ಲಿ ಅಂಚಿಗೆ ಹೋಗುತ್ತಾನೆ, ಇಲ್ಲವೇ ಬೆಂಚಿಗೆ. ಆಮೇಲೆ ದೇಶದ ತಂಡಕ್ಕೆ ಕರೆದು, ಗೋಲು ಹೊಡೆ ಎನ್ನುತ್ತೇವೆ.

ಮಧ್ಯಾಹ್ನಕ್ಕೆ ಬಳ್ಳಾರಿ. ಬಿಸಿಲಿಗೆ ಗುಡ್ಡದ ಬಂಡೆಗಳು ಕಾದು, ಕೋಟೆಯ ಕೆಳಗಿನ ಬೀದಿಗಳಲ್ಲಿ ನವೆಂಬರ್ ಎಂಬ ಗುರುತೇ ಇರಲಿಲ್ಲ. ಸಂಜೆ ಕೌಲ್ ಬಜಾರಿನಲ್ಲಿ ಮಂಡಕ್ಕಿ ಒಗ್ಗರಣೆ–ಮಿರ್ಚಿ ತಿನ್ನುತ್ತ ನಾಲ್ಕೈದು ಹುಡುಗರ ಪರಿಚಯವಾಯಿತು. ಮೆಣಸಿನಕಾಯಿಯ ಬೀಜ ತೆಗೆಸದೆ ತಿನ್ನುವವರು ಬಳಿಯಲ್ಲಿ ಮಜ್ಜಿಗೆ ಇಟ್ಟುಕೊಳ್ಳುವುದು ಲೇಸು. ಇವರ ಚರ್ಚೆ ಭಾರತ ತಂಡದ ಬಹುಕಾಲದ ನಾಯಕ ಸುನಿಲ್ ಛೆಟ್ರಿಯದು. 2024ರ ಜೂನ್ 6ರಂದು ಕುವೈತ್ ಎದುರು ಆಡಿ ವಿದಾಯ ಹೇಳಿದವರನ್ನು 2025ರ ಮಾರ್ಚ್‌ನಲ್ಲಿ ಮರಳಿ ಕರೆದದ್ದು ಸರಿಯೆ?

“ನಲವತ್ತು ವರ್ಷದವರನ್ನ ಕರಕೊಂಡು ಬಂದ್ರ ಇಪ್ಪತ್ತರ ಹುಡುಗ ಎಲ್ಲಿ ಹೋಗ್ಬೇಕ್ರಿ ಸರ್?” ಎಂದು ಒಬ್ಬ ಕೇಳಿದ. ಇನ್ನೊಬ್ಬ, “ಹದಿನಾಕು ಗೋಲು ಹೊಡದಾರಪಾ, ಅಷ್ಟು ಯಾವ ಹುಡುಗ ಹೊಡದಾನ ಹೇಳು” ಎಂದ.

ನಾನು ಎರಡನೆಯವನ ಪರವಾಗಿ ಮಾತಾಡಿದೆ, ಈಗಲೂ ಹಾಗೆಯೇ ನಂಬುತ್ತೇನೆ. 2024–25ರ ಐಎಸ್‌ಎಲ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಛೆಟ್ರಿಯವರದೇ, 14. ತಂಡ 2024ರ ಇಡೀ ವರ್ಷ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಆಗಿನ ಕೋಚ್ ಮನೋಲೊ ಮಾರ್ಕೆಝ್ ಲಯದಲ್ಲಿರುವವನನ್ನು ಕರೆಯುತ್ತೇನೆಂದರೆ ಬೇರೆ ಹೆಸರೇ ಇರಲಿಲ್ಲ. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರಿನ 3–0 ಗೆಲುವಿನಲ್ಲಿ ಛೆಟ್ರಿ ತಮ್ಮ 95ನೇ ಅಂತರರಾಷ್ಟ್ರೀಯ ಗೋಲು ಹೊಡೆದರು. ಆರು ದಿನದ ಬಳಿಕ ಅದೇ ಮೈದಾನದಲ್ಲಿ ಬಾಂಗ್ಲಾದೇಶದ ಎದುರು ಗೋಲಿಲ್ಲದ ಡ್ರಾ ಆಯಿತು, ಅದೂ ನಿಜ. ತಪ್ಪು ಕರೆದವರದಲ್ಲ, ಹೋದವರದೂ ಅಲ್ಲ. ಒಂದು ಇಡೀ ಲೀಗ್‌ನಲ್ಲಿ ನಲವತ್ತು ತುಂಬಿದವರಿಗಿಂತ ಹೆಚ್ಚು ಗೋಲು ಹೊಡೆದ ಭಾರತೀಯ ಹುಡುಗ ಒಬ್ಬನೂ ಇಲ್ಲವೆಂದರೆ ಆ ಲೀಗ್ ಯಾರಿಗಾಗಿ ನಡೆಯುತ್ತಿದೆ ಎಂದು ಕೇಳಬೇಕು. ಹೀಗೆಂದಾಗ ಮೊದಲನೆಯವನು, “ಹಂಗಂದ್ರ ನಾ ಹೇಳಿದ್ದೂ ಅದಽ ಆತಲ್ರಿ” ಎಂದ. ಹೌದು, ಅವನು ಹೇಳಿದ್ದೂ ಅದನ್ನೇ.

ಎರಡನೆಯ ದಿನ: ಸಿರುಗುಪ್ಪ, ಸಿಂಧನೂರು, ಆರ್.ಎಚ್. ಕ್ಯಾಂಪ್

ಸಿರುಗುಪ್ಪದ ದಾರಿಯಲ್ಲಿ ಬೆಳಗಿನ ಮಂಜು ಭತ್ತದ ಗದ್ದೆಗಳ ಮೇಲೆ ಮೊಣಕಾಲೆತ್ತರಕ್ಕೆ ನಿಂತಿತ್ತು. ಕೊಯ್ಲಿನ ಯಂತ್ರಗಳು ರಸ್ತೆಗಿಳಿಯುವ ಕಾಲ. ಅವುಗಳ ಹಿಂದೆ ಹತ್ತು ನಿಮಿಷ ನಡೆದಷ್ಟೇ ವೇಗದಲ್ಲಿ ಸಾಗಬೇಕಾಗುತ್ತದೆ. ಸಿರುಗುಪ್ಪ ದಾಟಿದ ಮೇಲೆ ಯಂತ್ರವೊಂದಕ್ಕೆ ದಾರಿ ಬಿಡಲು ಅಂಚಿಗಿಳಿದು, ಕರಿಮಣ್ಣಿನ ಕೆಸರಿನಲ್ಲಿ ಹಿಂದಿನ ಚಕ್ರ ಹೂತಿತು. ಎತ್ತಿ ಹೊರಗೆ ತಂದಾಗ ಟಯರಿನಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಮುರಿದು ಕುಳಿತಿತ್ತು. ಪಂಕ್ಚರ್ ಅಂಗಡಿಯವರೆಗೆ ಮೂರು ಕಿಲೋಮೀಟರ್ ತಳ್ಳಿದೆವು. ಅಂಗಡಿಯ ಹಿರಿಯ ಅಳಿಯನ ನೀಲಿ ಅಂಗಿ ನೋಡಿ, “ಯಾವ ಆಟದ್ದೋ ತಮ್ಮಾ?” ಎಂದರು. ಫುಟ್ಬಾಲ್ ಎಂದಾಗ, “ಅದಕ್ಕೂ ಇಂಡಿಯಾ ಟೀಮ್ ಐತೇನು?” ಎಂದು ಅಚ್ಚರಿಪಟ್ಟರು. ಇದ್ದಬದ್ದ ಕಥೆಯನ್ನೆಲ್ಲ ಟ್ಯೂಬಿನ ತೇಪೆ ಒಣಗುವಷ್ಟರಲ್ಲಿ ಅಳಿಯ ಹೇಳಿ ಮುಗಿಸಿದ. ಅವರು ಗಮನವಿಟ್ಟು ಕೇಳಿ, “ಇವತ್ತ ಗೆಲ್ಲಲಿ ಬಿಡು” ಎಂದು ಹರಸಿದರು.

ದಢೇಸುಗೂರಿನ ಬಳಿ ತುಂಗಭದ್ರೆಯನ್ನು ದಾಟಿ ಸಿಂಧನೂರು ಸೇರುವಾಗ ಊಟದ ಹೊತ್ತು ಮೀರಿತ್ತು. ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ ತಿಂದು ಒಳರಸ್ತೆ ಹಿಡಿದೆವು.

ಆರ್.ಎಚ್. ಕ್ಯಾಂಪ್ ಎಂದರೆ ಪುನರ್ವಸತಿ ಕ್ಯಾಂಪ್; ಅಲ್ಲಿಗೆ ಕಾಲಿಟ್ಟೊಡನೆ ಬೇರೊಂದು ನಾಡಿಗೆ ಬಂದಂತಾಗುತ್ತದೆ. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತ ಕುಟುಂಬಗಳನ್ನು ಐದು ದಶಕಗಳ ಹಿಂದೆ ಸರ್ಕಾರ ಇಲ್ಲಿ ನೆಲೆಗೊಳಿಸಿತು. ಮನೆಯ ಪಕ್ಕ ಬಾಳೆ, ಹಿತ್ತಲ ಹೊಂಡದಲ್ಲಿ ಮೀನು, ಅಂಗಳದಲ್ಲಿ ತುಳಸಿ. ಮಾತು ಒಳಗೆ ಬಂಗಾಳಿ, ಹೊರಗೆ ರಾಯಚೂರಿನ ಅಚ್ಚ ಕನ್ನಡ. ಮಕ್ಕಳ ಕೈಯಲ್ಲಿ ಬ್ಯಾಟಿಗಿಂತ ಕಾಲಲ್ಲಿ ಚೆಂಡು ಹೆಚ್ಚು. ಗೆಳೆಯನ ತಾಯಿ ತಟ್ಟೆಯಲ್ಲಿ ಮಂಡಕ್ಕಿಗೆ ಸಾಸಿವೆ ಎಣ್ಣೆ, ಈರುಳ್ಳಿ, ಹಸಿಮೆಣಸು ಕಲಸಿ ತಂದರು. ಅವರು ಅದಕ್ಕೆ ಮುರಿ ಎನ್ನುತ್ತಾರೆ. ನಿನ್ನೆ ಬಳ್ಳಾರಿಯಲ್ಲಿ ತಿಂದದ್ದೂ ಇದೇ ಮಂಡಕ್ಕಿ. ಎಣ್ಣೆ ಬದಲಾದರೆ ಊರೇ ಬದಲಾಗುತ್ತದೆ.

ನಾಲ್ಕು ಗಂಟೆಗೆ ಕೊಯ್ದ ಗದ್ದೆಯಲ್ಲಿ ಆಟ ಶುರುವಾಯಿತು. ಭತ್ತದ ಕೂಳೆ ಚುಚ್ಚುವುದರಿಂದ ಬರಿಗಾಲಿನಲ್ಲಿ ಆಡುವವರು ನೋಡಿಕೊಂಡು ಇಳಿಯಬೇಕು. ಕ್ಯಾಂಪಿನ ಹುಡುಗರಿಗೆ ಮುಂದೆ ನಿಂತು ಆಡುವವನು ಒಬ್ಬ ಕಡಿಮೆ ಬಿದ್ದಿದ್ದ. ಅಳಿಯ ಎತ್ತರದವನೆಂದು ಶಾಲೆಯ ದಿನದಿಂದಲೂ ಅವನನ್ನು ಡಿಫೆನ್ಸ್‌ನಲ್ಲಿಯೇ ನಿಲ್ಲಿಸಿದ್ದಾರೆ. “ಇವತ್ತು ನೀ ಮುಂದ ಆಡು” ಎಂದರು. ಮೊದಲರ್ಧ ಅವನಿಗೆ ಎಲ್ಲಿ ನಿಲ್ಲಬೇಕೆಂದೇ ತಿಳಿಯಲಿಲ್ಲ. ಚೆಂಡು ಬಂದಾಗಲೆಲ್ಲ ಬೆನ್ನು ಗೋಲಿನ ಕಡೆಗಿತ್ತು. ದ್ವಿತೀಯಾರ್ಧದಲ್ಲಿ ಒಂದು ಗೋಲು ಬಂತು. ಓಡಿ ಬಂದು, “ಮಾಮಾ, ಅಲ್ಲಿ ನಿಂತ್ರ ಆಟಾನ ಬ್ಯಾರೆ ಕಾಣ್ತೈತಿ” ಎಂದ.

ಏಳೂವರೆಗೆ ಪಂದ್ಯ. ಗುಡಿಯ ಕಟ್ಟೆಯ ಮೇಲೆ ಮೊಬೈಲಿನಿಂದ ಟಿ.ವಿ.ಗೆ ಸಂಪರ್ಕ ಕೊಟ್ಟು ನಲವತ್ತು ಮಂದಿ ಕುಳಿತೆವು. ನೆಟ್‌ವರ್ಕ್ ಅಲ್ಲಿ ಮರ್ಜಿಯಂತೆ ಬರುತ್ತದೆ; ಹೋಗುವವರು ಎರಡು ಕಂಪನಿಯ ಸಿಮ್ ಇಟ್ಟುಕೊಂಡರೆ ಒಳ್ಳೆಯದು. ಇವರು ಯಾರ ಪರ ಎಂಬ ಕುತೂಹಲ ನನ್ನಲ್ಲಿತ್ತೆಂದು ಒಪ್ಪಿಕೊಳ್ಳುತ್ತೇನೆ. ಕೇಳುವ ಅಗತ್ಯವೇ ಬೀಳಲಿಲ್ಲ; ಕಟ್ಟೆಯ ತುಂಬ ನೀಲಿ ಅಂಗಿಗಳು. ಇಲ್ಲಿಯ ಒಡಕು ಬೇರೆಯದು, ಕೋಲ್ಕತ್ತದ ಎರಡು ಕ್ಲಬ್‌ಗಳದು: ಹಿರಿಯರಲ್ಲಿ ಹೆಚ್ಚಿನವರು ಈಸ್ಟ್ ಬೆಂಗಾಲ್ ಕಡೆಯವರು, ಕೆಲವು ಹುಡುಗರು ಮೋಹನ್ ಬಾಗಾನ್ ಕಡೆ ವಾಲಿದ್ದಾರೆ. ಆಗಸ್ಟ್ ಕೊನೆಯಲ್ಲಿ ಶುರುವಾದ, ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ಗೆ ಮೋಹನ್ ಬಾಗಾನ್ ತನ್ನ ಆಟಗಾರರನ್ನು ಬಿಟ್ಟುಕೊಡದ ವಿಚಾರಕ್ಕೆ ಮನೆಯೊಂದರಲ್ಲಿ ಅಪ್ಪ–ಮಗ ಎರಡು ದಿನ ಮಾತು ಬಿಟ್ಟಿದ್ದರಂತೆ. ವಿಶ್ವ ಫುಟ್ಬಾಲ್ ಸಂಸ್ಥೆ ಫಿಫಾ ಗೊತ್ತುಮಾಡಿದ ಅಂತರರಾಷ್ಟ್ರೀಯ ದಿನಗಳ ಹೊರಗೂ ಪಂದ್ಯಗಳಿದ್ದವು, ಕ್ಲಬ್ಬಿಗೆ ಬಿಡಲೇಬೇಕೆಂಬ ಕಟ್ಟು ಇರಲಿಲ್ಲ ಎಂದು ಮಗ. ದೇಶ ಕರೆದಾಗ ದಿನ ನೋಡಬೇಕೆ ಎಂದು ಅಪ್ಪ. ಹೊಸ ಕೋಚ್ ಖಾಲಿದ್ ಜಮೀಲ್ ಸಿಕ್ಕವರನ್ನು ಕಟ್ಟಿಕೊಂಡು ಹೋಗಿ, ತಜಿಕಿಸ್ತಾನವನ್ನು 2–1ರಿಂದ ಸೋಲಿಸಿ, ಕೊನೆಗೆ ಒಮಾನನ್ನು ಪೆನಾಲ್ಟಿಯಲ್ಲಿ ಮಣಿಸಿ ಮೂರನೇ ಸ್ಥಾನ ತಂದರು. ಆಗ ಅಪ್ಪ–ಮಗ ಇಬ್ಬರೂ ಗೆದ್ದೆವೆಂದುಕೊಂಡರು.

ಅಂದಿನ ರಾತ್ರಿ ಹೆಚ್ಚು ಚರ್ಚೆಯಾದವನು ಮೈದಾನದಲ್ಲೇ ಇರಲಿಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್, ಆಸ್ಟ್ರೇಲಿಯಾದಲ್ಲಿ ಹುಟ್ಟಿದವನು, ತಾಯಿಯ ಕಡೆಯಿಂದ ಮುಂಬೈ ಮೂಲದವನು, ಆ ದೇಶದ ಪೌರತ್ವ ಬಿಟ್ಟು ಅದೇ ತಿಂಗಳು ಭಾರತದ ಪಾಸ್‌ಪೋರ್ಟ್ ಪಡೆದಿದ್ದ. ತಂಡದೊಂದಿಗೆ ಢಾಕಾಕ್ಕೂ ಹೋದ. ಆದರೆ ಆಸ್ಟ್ರೇಲಿಯಾದ ಒಪ್ಪಿಗೆ ಪತ್ರ ಸಕಾಲಕ್ಕೆ ಬಾರದೆ ಆಡಲಾಗಲಿಲ್ಲ. ಎದುರಿಗೆ ಬಾಂಗ್ಲಾದೇಶದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಹಂಝಾ ಚೌಧುರಿ ಆಡುತ್ತಿದ್ದರು. ಬಾಂಗ್ಲಾದೇಶ ಎರಡು ಪೌರತ್ವಕ್ಕೆ ಅವಕಾಶ ಕೊಡುತ್ತದೆ, ನಾವು ಕೊಡುವುದಿಲ್ಲ. ಹೊರಗಿನಿಂದ ತಂದವರಿಂದ ನಮ್ಮ ಹುಡುಗರಿಗೆ ಅನ್ಯಾಯ ಎಂದು ಒಬ್ಬ ಯುವಕ ಹೇಳಿದಾಗ, ಕಂಬಕ್ಕೊರಗಿದ್ದ ಹಿರಿಯರೊಬ್ಬರು ಅವನತ್ತ ತಿರುಗಿದರು. “ಕಾಗದಕ್ಕ ಎಷ್ಟು ವರ್ಷ ತಿರುಗಬೇಕಂತ ನಮಗ ಗೊತ್ತೈತಿ. ಕೈಯಾಗಿದ್ದ ದೊಡ್ಡ ದೇಶದ ಕಾಗದ ಬಿಟ್ಟು ಬಂದಾನ ಅವ. ಅವನ್ನ ಹೊರಗಿನವ ಅನಬ್ಯಾಡ.” ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹನ್ನೊಂದನೇ ನಿಮಿಷದಲ್ಲಿ ಚಿತ್ರ ನಿಂತುಹೋಯಿತು. ಮರಳಿ ಬಂದಾಗ ಬಾಂಗ್ಲಾದೇಶದವರು ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು. ರಾಕಿಬ್ ಎಡಗಡೆಯಿಂದ ಓಡಿ ಒಳಗೆ ಕೊಟ್ಟ ಚೆಂಡನ್ನು ಮೊರ್ಸಾಲಿನ್ ಗೋಲಿಗೆ ಸೇರಿಸಿದ್ದನ್ನು ಮರುಪ್ರದರ್ಶನದಲ್ಲಿ ಕಂಡೆವು. ಉಳಿದ ಹೊತ್ತೆಲ್ಲ ಭಾರತ ಚೆಂಡು ಹಿಡಿದುಕೊಂಡು ಬಾಗಿಲ ಮುಂದೆ ಸುತ್ತಿತು, ಒಳಗೆ ಹೋಗಲಿಲ್ಲ. 0–1. ಫಿಫಾದ ರ‍್ಯಾಂಕಿಂಗ್ ಪಟ್ಟಿಯಲ್ಲಿ ನಾವು 136, ಅವರು 183. ಭಾರತದ ಎದುರು ಬಾಂಗ್ಲಾದೇಶ ಗೆದ್ದದ್ದು 2003ರ ಬಳಿಕ ಅದೇ ಮೊದಲು.

ಮೀನಿನ ಸಾರು, ಅನ್ನದ ಮುಂದೆ ಚರ್ಚೆ ಮಧ್ಯರಾತ್ರಿಯವರೆಗೆ ನಡೆಯಿತು. ಗೋಲಿನಲ್ಲಿ ಗುರ್‌ಪ್ರೀತ್ ಇರಬೇಕಿತ್ತೆ, ವಿಶಾಲ್ ಕೈತ್ ಇರಬೇಕಿತ್ತೆ? ಛಾಂಗ್ಟೆಯನ್ನು ಬಲಕ್ಕೆ ಬಿಟ್ಟು ನಡುವೆ ಯಾರನ್ನು ನಿಲ್ಲಿಸಬಹುದಿತ್ತು? ಡಿಫೆಂಡರ್ ಸಂದೇಶ್ ಝಿಂಗನ್ ಸಿಂಗಪುರದಲ್ಲಿ ಕೆಂಪು ಕಾರ್ಡ್ ಪಡೆದ ಬಳಿಕವೂ ಹತ್ತು ಜನ ಹೋರಾಡಿ, 90ನೇ ನಿಮಿಷದಲ್ಲಿ ರಹೀಂ ಅಲಿ ಸಮ ಮಾಡಿದ್ದನಲ್ಲ, ಆ ಕಿಚ್ಚು ಎಲ್ಲಿ ಹೋಯಿತು? ಎಲ್ಲ ಹೆಸರುಗಳೂ ಬಂದವು, ಆದರೆ ಫಾರ್ಮ್ ಎಂಬ ಮಾತು ಬಂದಾಗಲೆಲ್ಲ ವಾದ ಅಲ್ಲಿಯೇ ನಿಲ್ಲುತ್ತಿತ್ತು. ಆ ನವೆಂಬರ್‌ನಲ್ಲಿ ಐಎಸ್‌ಎಲ್ ಶುರುವಾಗಿಯೇ ಇರಲಿಲ್ಲ. ಲೀಗ್ ನಡೆಸುವ ಹಕ್ಕಿನ ಟೆಂಡರಿಗೆ ಬಿಡ್ ಒಂದೂ ಬಂದಿರಲಿಲ್ಲ. ಪಂದ್ಯವೇ ಇಲ್ಲದ ಆಟಗಾರನ ಲಯವನ್ನು ಯಾವ ತಕ್ಕಡಿಯಲ್ಲಿ ತೂಗುವುದು? ಖಾಲಿದ್ ಜಮೀಲ್ ಆರಿಸಿದ ಇಪ್ಪತ್ತಮೂರು ಮಂದಿಯ ಜಾಗಕ್ಕೆ ಬೇರೆ ಇಪ್ಪತ್ತಮೂರು ಹೆಸರು ಬರೆದರೂ, ಅವರೂ ಪಂದ್ಯವಿಲ್ಲದೆ ಮನೆಯಲ್ಲಿ ಕುಳಿತವರೇ. ಹೀಗಿರುವಾಗ ಕೋಚ್ ಒಬ್ಬರ ಮೇಲೆ ಸೋಲನ್ನು ಹೊರಿಸಲು ನನಗೆ ಮನಸ್ಸು ಬರಲಿಲ್ಲ. ಗೆಳೆಯನ ತಂದೆ ಒಕ್ಕಲುತನದವರು; “ಎರಡನೇ ಬೆಳಿಗೆ ನೀರು ಬಿಡದಽ ರಾಶಿ ಎಷ್ಟು ಅಂತ ಕೇಳಿದಂಗಾತು” ಎಂದರು. ತುಂಗಭದ್ರೆಯ ಗೇಟುಗಳ ದುರಸ್ತಿಗಾಗಿ ಹಿಂಗಾರಿಗೆ ನೀರಿಲ್ಲವೆಂಬ ಸುದ್ದಿ ಆ ವಾರ ಊರೆಲ್ಲ ಇತ್ತು, ಅವರ ಮಾತಿನಲ್ಲಿ ಅದರ ನೋವೂ ಸೇರಿತ್ತು.

ಮೂರನೆಯ ದಿನ: ರಾಯಚೂರು, ಮತ್ತು ಮರಳುವ ದಾರಿ

ಮಾನ್ವಿಯ ಮೇಲಿಂದ ರಾಯಚೂರಿಗೆ ಹೋದದ್ದು ಗೆಳೆಯನ ಶಾಲೆಯ ನಿವೃತ್ತ ಮೇಷ್ಟ್ರೊಬ್ಬರನ್ನು ಕಾಣಲು. ಎಂಬತ್ತರ ಗಡಿಯಲ್ಲಿದ್ದಾರೆ. ತೀನ್ ಕಂದೀಲ್ ಬಳಿಯ ಹೋಟೆಲೊಂದರಲ್ಲಿ ಚಹಾ ತರಿಸಿ, ನಿನ್ನೆಯ ಸೋಲಿನ ಬಗ್ಗೆ ಒಂದು ಮಾತೂ ಆಡದೆ, ಮಾತನ್ನು ನೇರ ಹೈದರಾಬಾದಿಗೆ ಒಯ್ದರು.

ರಾಯಚೂರು, ಕೊಪ್ಪಳ ಎರಡೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಅದೇ ತಿಂಗಳು ಮೆಲ್ಬರ್ನ್ ಒಲಿಂಪಿಕ್ಸ್, ಅದರಲ್ಲಿ ಭಾರತದ ಫುಟ್ಬಾಲ್ ತಂಡವೂ ಇತ್ತು. “ಆ ತಂಡದಾಗ ಹೈದರಾಬಾದಿನವರಽ ಎಷ್ಟು ಮಂದಿ ಇದ್ರು! ಅಜೀಜುದ್ದೀನ್, ನೂರ್ ಮೊಹಮ್ಮದ್, ಬಲರಾಮ್. ನಾವು ಹುಡುಗರಿಗೆ ಅವರು ನಮ್ಮವರಽ” ಎಂದರು. ಕೋಚ್ ಸೈಯದ್ ಅಬ್ದುಲ್ ರಹೀಂ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಕಟ್ಟಿದವರು. ಆ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಭಾರತ ನಾಲ್ಕನೇ ಸ್ಥಾನ ಪಡೆಯಿತು, ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. “ಅವರನ್ನೆಲ್ಲ ಶಿಬಿರದಾಗ ಹೊಸದಾಗಿ ಹುಡುಕಲಿಲ್ಲ. ವರ್ಷವಿಡೀ ಆಡೋದನ್ನ ರಹೀಂ ಸಾಹೇಬರು ಕಣ್ಣಾರೆ ನೋಡಿದ್ರು.”

ಬಳಿಕ 1962ರ ಜಕಾರ್ತ. ಏಷ್ಯನ್ ಗೇಮ್ಸ್‌ನ ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾದ ಎದುರು 0–2ರಿಂದ ಸೋತು, ಫೈನಲ್‌ನಲ್ಲಿ ಅದೇ ತಂಡವನ್ನು 2–1ರಿಂದ ಗೆದ್ದ ಕಥೆಯನ್ನು ಮೇಷ್ಟ್ರು ಮೇಜಿನ ಮೇಲೆ ಕಪ್ಪುಗಳನ್ನು ಸರಿಸಿ ತೋರಿಸಿದರು. ಥಾಯ್ಲೆಂಡ್ ಪಂದ್ಯದಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ರಹೀಂ ಅವರನ್ನು ಮನೆಗೆ ಕಳಿಸಲಿಲ್ಲ, ಸೆಂಟರ್ ಫಾರ್ವರ್ಡ್ ಮಾಡಿದರು. ಸೆಮಿಫೈನಲ್‌ನಲ್ಲಿ ಗೋಲು ಹೊಡೆದರು, ಫೈನಲ್‌ನಲ್ಲೂ ಹೊಡೆದರು. ಅಳಿಯ ಬಾಯಿ ತೆರೆದು ಕೇಳುತ್ತಿದ್ದ. ಹಿಂದಿನ ಸಂಜೆಯ ಗದ್ದೆಯ ಆಟ ಅವನ ಕಣ್ಣ ಮುಂದಿತ್ತೆಂದು ನನಗೆ ಗೊತ್ತಾಯಿತು.

“ಹಂಗಂದ್ರ ಈಗಲೂ ಝಿಂಗನ್‌ನ ಮುಂದ ಆಡಿಸಬಹುದಲ್ರಿ ಸರ್?” ಎಂದು ಕೇಳಿದ. ಮೇಷ್ಟ್ರು ತಲೆಯಾಡಿಸಿ, ಜರ್ನೈಲ್‌ಗೆ ಆ ಆಟ ಬರುತ್ತದೆಂದು ತಿಳಿದಿದ್ದವರು ರಹೀಂ, ತಿಳಿಯದೆ ಮಾಡಿದರೆ ಅದು ಜೂಜು ಎಂದರು. ತಿಳಿಯಬೇಕಾದರೆ ಹುಡುಗ ಎಲ್ಲಿಯಾದರೂ ಮೊದಲು ಆಡಿರಬೇಕಲ್ಲ ಎಂದು ನಾನು ತೋರಣಗಲ್ಲಿನ ಕಾವಲುಗಾರನ ಪ್ರಶ್ನೆಯನ್ನು ಅವರಿಗೆ ಹೇಳಿದೆ. ಅವರು ಚಹಾ ಮುಗಿಸಿ, “ಅವನ ವಿಳಾಸ ಇದ್ರ ಕೊಡ್ರಿ” ಎಂದರು. ನಾವು ಅವನ ಹೆಸರನ್ನೂ ಕೇಳಿರಲಿಲ್ಲ.

ಮರಳುವಾಗ ಲಿಂಗಸುಗೂರು–ಕುಷ್ಟಗಿ ದಾರಿ ಹಿಡಿಯಬೇಕೆಂದಿದ್ದೆ, ಅಳಿಯ ಬೇಡವೆಂದ. ಬಂದ ದಾರಿಯಲ್ಲೇ ಸಿಂಧನೂರಿಗೆ ಬಂದೆವು. ಕ್ಯಾಂಪಿನ ಗದ್ದೆಯಲ್ಲಿ ಆಗಲೇ ಚಪ್ಪಲಿಗಳನ್ನು ಗೋಲುಕಂಬವಾಗಿ ಇಟ್ಟಿದ್ದರು. ರಾತ್ರಿ ಗಂಗಾವತಿಯಲ್ಲಿ ಉಳಿಯಬೇಕಾದೀತು ಎಂದು ಅಕ್ಕನಿಗೆ ಫೋನ್ ಮಾಡುತ್ತ ಬದುವಿನ ಮೇಲೆ ಕುಳಿತೆ. ಅಳಿಯ ಬೂಟು ಬಿಗಿದು ಒಳಗೆ ಹೋಗಿ, ಯಾರನ್ನೂ ಕೇಳದೆ, ಎದುರಾಳಿ ಗೋಲಿನ ಮುಂದೆ ನಿಂತುಕೊಂಡ.